ಈಜುಕೊಳಕ್ಕೆ ಬಂದ ಗಣಪ

"ಈ ಬಣ್ಣವೆಲ್ಲ ನೀರಿಗಿಳಿದ್ರೆ ನಾಳೆ ಮಕ್ಕಳು ಎಲ್ಲಿ ಈಜ್ಬೇಕು?"

ಬಡಾವಣೆಯ ಈಜುಕೊಳದ ಗೇಟಿಗೆ ಅಡ್ಡ ನಿಂತ ವಿಮಲಾಕ್ಷಿ ಯಾರನ್ನೂ ನೋಡದೆ ಕೇಳಿದಳು. ಅಲ್ಲಿ ಮಕ್ಕಳಿಗೆ ಈಜು ಕಲಿಸುವವಳು ಅವಳೇ. ಎದುರಿಗೆ ಟ್ರ್ಯಾಕ್ಟರಿನ ಮೇಲೆ ಎಂಟಡಿ ಗಣಪ, ಹಿಂದೆ ತಮಟೆ. ಊರ ಕೆರೆಯಲ್ಲಿ ಈ ಸಲ ಮೊಣಕಾಲುದ್ದ ನೀರೂ ಇರಲಿಲ್ಲ.

"ಒಂದಿನದ ಮಾತಲ್ವಾ ಮೇಡಂ? ಆಮೇಲೆ ತೊಳೆಸಿಬಿಡ್ತೀವಿ" ಎಂದ ಗಣಪತಿ ಸಂಘದ ಅಧ್ಯಕ್ಷ.

"ತೊಳೆಯೋಕೆ ಅಂತ ಒಂದ್ಸಲ ಮುಚ್ಚಿದ್ರೆ ನಗರಸಭೆಯೋರು ಮತ್ತೆ ತೆಗೆಯಲ್ಲ ಸಾರ್. ಆಗ್ಲೇ ನೆಪ ಹುಡುಕ್ತಿದಾರೆ."

"ದೇವರಿಗೇ ಅಡ್ಡ ನಿಲ್ತೀಯೇನಮ್ಮಾ?" ಗುಂಪಿನಿಂದ ಯಾರೋ ಕೂಗಿದರು. ತಮಟೆ ಜೋರಾಯಿತು.

ದೇವರ ಹೆಸರು ಬಂದ ಮೇಲೆ ವಿಮಲಾಕ್ಷಿ ಬೀಗ ತೆಗೆದು ಪಕ್ಕಕ್ಕೆ ಸರಿದಳು.

ಅಧ್ಯಕ್ಷ ಹಿಗ್ಗಿನಿಂದ ಅರ್ಚಕರ ಕಡೆ ತಿರುಗಿದ. "ಬನ್ನಿ ಶಾಸ್ತ್ರಿಗಳೇ, ವಿಸರ್ಜನೆ ಪೂಜೆ ಮುಗಿಸಿಬಿಡಿ."

ಶಾಸ್ತ್ರಿಗಳು ಕೊಳದ ಅಂಚಿಗೆ ಹೋಗಿ ನೀರನ್ನು ನೋಡಿದರು. ಆರತಿ ತಟ್ಟೆಯನ್ನು ಅಧ್ಯಕ್ಷನ ಕೈಗೇ ಕೊಟ್ಟರು.

"ನನ್ನ ಮೊಮ್ಮಕ್ಕಳು ಈಜೋದೂ ಇದರಲ್ಲೇ, ಉಚ್ಚೆ ಹೊಯ್ಯೋದೂ ಇದರಲ್ಲೇ ಕಣಯ್ಯಾ. ಈ ನೀರಿಗೆ ನಾನು ಗಣಪತೀನ ಬಿಡೋದಿಲ್ಲ."