ಹೆಸರಿನ ಮೇಲಿನ ಗೆರೆ

ತೆನೆಹಬ್ಬ ಕಳೆದು ಬಂದ ಮೊದಲ ಭಾನುವಾರ, ಬೆಳಗಿನ ಪೂಜೆ ಮುಗಿದ ಹೊತ್ತು. ಹಿಂದಿನಿಂದಲೂ ಹಡಗು ಹತ್ತುವವರು ಊರಿನ ಹಳೆಯ ಇಗರ್ಜಿಯ ಗೋಡೆಯಲ್ಲಿ ಹೆಸರು ಕೆತ್ತುತ್ತಿದ್ದರು. ತಿರುಗಿ ಬಂದವರು ಅದರ ಮೇಲೊಂದು ಗೆರೆ ಕೊರೆಯುತ್ತಿದ್ದರು. ಕಣ್ಣಿಲ್ಲದ ರೆಮೇದಿಯಾಳ ಗಂಡ ಪಸ್ಕಾಲ ಕೈಗೆಟುಕದ ಎತ್ತರದಲ್ಲಿ ಹೆಸರು ಕೆತ್ತಿ ಹೋಗಿ ಇಪ್ಪತ್ತು ವರ್ಷ. ವಾರವಾರವೂ ಅತ್ತೆಯೇ ನೋಡಿ, "ಗೆರೆ ಬೀಳಲಿಲ್ಲ ಮಗಾ, ಬರ್ತಾನೆ" ಎನ್ನುತ್ತಿದ್ದಳು. ಅತ್ತೆಯನ್ನು ಮಣ್ಣು ಮಾಡಿದ ಮೇಲೆ, ಈ ಭಾನುವಾರ ರೆಮೇದಿಯಾ ಗಂಟೆ ಬಾರಿಸುವ ಇನಾಸನನ್ನು ಕೇಳಿದಳು.

"ಇವರ ಹೆಸರು ಹಾಗೆಯೇ ಉಂಟಾ?"

"ಅದಕ್ಕೆ ಗೆರೆ ಉಂಟಲ್ಲ ಬಾಯಮ್ಮ."

"ಯೇಸುವೇ! ಯಾವಾಗ ಬಂದರು?"

"ಈಗ ಕೇಳ್ತೀರಾ? ವರ್ಷಕ್ಕೊಮ್ಮೆ ನಾನು ಬಳಿಯುವ ಸುಣ್ಣ ಆ ಗೆರೆಯಲ್ಲಿ ಹನ್ನೊಂದು ಪದರ ಕೂತಿದೆ. ಅವತ್ತು ಅವನಿಗೆ ಏಣಿ ಹಿಡಿದದ್ದು ನಿಮ್ಮತ್ತೆಯೇ ಅಲ್ವಾ?"

ಮಂಗಳವಾರ ರೆಮೇದಿಯಾ ಕರಿಮಣಿಯನ್ನು ಅತ್ತೆಯ ಗೋರಿಯ ಮೇಲೆ ಬಿಚ್ಚಿಟ್ಟು ತವರಿಗೆ ಹೊರಟುಹೋದಳು.