ಅಪ್ಪನ ವನ್ಸ್ ಮೋರ್

ನಕ್ಕವರು ನಿಜಕ್ಕೂ ಇದ್ದರೋ, ಅವರನ್ನು ನಾನೇ ಆಮೇಲೆ ನೆನಪಿಗೆ ಸೇರಿಸಿಕೊಂಡೆನೋ, ಮೊನ್ನೆಯವರೆಗೂ ಖಾತ್ರಿಯಿರಲಿಲ್ಲ. ಅಂಟುಮೀಸೆಯ ಗೋಂದಿನ ವಾಸನೆ ಬಂದರೆ ಈಗಲೂ ಆ ದಿನ ನೆನಪಾಗುತ್ತದೆ.

ಸೋಲೂರಿನ ಹೈಸ್ಕೂಲಿನಲ್ಲಿ ಅಂದು ಮಧ್ಯಾಹ್ನ ಸಂಗೀತ ನಾಟಕ, ನಾನು ಅರ್ಜುನ. ದನಿ ಒಡೆಯುತ್ತಿದ್ದ ವಯಸ್ಸು. “ಮೇಲಿನ ಸ್ವರ ಒಂದ್ಸಲ ಹತ್ತಿದ್ರೆ ನಿನ್ನ ಪುಣ್ಯ ಕಣ್ಲಾ,” ಎಂದಿದ್ದರು ಹಾರ್ಮೋನಿಯಂ ಮೇಷ್ಟ್ರು. ಹೇಗೋ ಹತ್ತಿತು. ಅಷ್ಟರಲ್ಲಿ ಅಪ್ಪ ಮುಂದಿನ ಸಾಲಿನಲ್ಲಿ ಎದ್ದುನಿಂತು “ವನ್ಸ್ ಮೋರ್!” ಎಂದು ಕೂಗಿದರು. ನಮ್ಮ ಕಡೆ ಹಾಗೆ ಕೇಳಿದ ಮೇಲೆ ಮತ್ತೆ ಹಾಡಲೇಬೇಕು. “ಸುಮ್ಕೆ ಕೂತ್ಕಳಿ, ಮಗೀಗೆ ಆಗಾಕಿಲ್ಲ,” ಎಂದು ಅಮ್ಮ ಅವರ ಅಂಗಿ ಜಗ್ಗಿದಳು. ಎರಡನೆಯ ಸಲ ಅದೇ ಸ್ವರದಲ್ಲಿ ನನ್ನ ದನಿ ಸೀಳಿಹೋಯಿತು.

ಮೊನ್ನೆ ಅಕ್ಕನ ಹಳೆಯ ಮೊಬೈಲಿನಲ್ಲಿ ಆ ನಾಟಕದ ವಿಡಿಯೊ ಸಿಕ್ಕಿತು. ನನ್ನ ದನಿ ಸೀಳಿದಾಗ ಜನ ನಕ್ಕದ್ದು ನಿಜ. ಆ ನಗುವಿನ ನಡುವೆ ಅಪ್ಪ, ಮೊದಲಿಗಿಂತ ಜೋರಾಗಿ, “ವನ್ಸ್ ಮೋರ್!” ಎಂದು ಕೂಗಿದ್ದೂ ನಿಜ.