ಹಲ್ಲಿಗೆ ಜೀವ ಬರುವವರೆಗೆ

ಶಾಲೆಯ ಕಕ್ಕಸನ್ನು ನಮ್ಮ ಕೇರಿಯ ಮಕ್ಕಳೇ ಯಾಕೆ ತೊಳೆಯಬೇಕು ಎಂದು ಕೇಳಿದ್ದಕ್ಕೆ, ಹೆಡ್‌ಮಾಸ್ಟರು ಮೂರನೇ ಕ್ಲಾಸಿನ ಮಾದೇವಿಯ ಬಾಯಿಗೆ ಡಸ್ಟರಿನಿಂದ ಹೊಡೆದು ಮುಂದಿನ ಹಲ್ಲು ಮುರಿದರು.

ಹಾಲುಹಲ್ಲು ಬಿದ್ದ ಜಾಗದಲ್ಲಿ ಆಗಷ್ಟೇ ಬಂದಿದ್ದ ಹಲ್ಲು. ಬೇರು ಇನ್ನೂ ಬಲಿತಿರಲಿಲ್ಲ, ಅಷ್ಟರಲ್ಲೇ ಒಳಗಿನ ಜೀವ ಹೋಯಿತು. ಆದರೂ ಹಲ್ಲಿನ ಡಾಕ್ಟರಮ್ಮ ಕೀಳಲಿಲ್ಲ. ಒಳಗೆಲ್ಲ ತೊಳೆದು, ಬೇರಿನ ತುದಿಯಿಂದ ತುಸು ರಕ್ತ ಒಸರುವಂತೆ ಮಾಡಿ, ಮೇಲೆ ಮುಚ್ಚಿದರು. "ಬೇರು ತಾನಾಗೇ ಬೆಳೀಬಹುದು, ಕಾಯೋಣ" ಎಂದರು.

ಕೇರಿಯ ಹೆಂಗಸರು ಶಾಲೆಯ ಗೇಟಿಗೆ ಅಡ್ಡ ಕೂತರು. "ಪೊಲೀಸ್ ಟೇಶನ್ನಿಗೆ ಹೋಗವಾ, ಇಲ್ಲಾ ಮಗಿನ ಹಲ್ಲಿಗೆ ಜೀವ ಬರೋಗಂಟ ಕಕ್ಕಸ್ಸ ನೀವೇ ತೊಳೀತೀರಾ, ಮೇಷ್ಟ್ರೇ?"

ಮೇಷ್ಟರು ತೆಪ್ಪಗೆ ಪೊರಕೆ ಹಿಡಿದರು.

ವರ್ಷ ತುಂಬಿತು. ಎಕ್ಸ್‌ರೇಯಲ್ಲಿ ಬೇರು ಚೆನ್ನಾಗಿ ಬೆಳೆದಿತ್ತು. "ಜೀವ ಬಂದಿದ್ಯೋ ಇಲ್ವೋ ಇವಳೇ ಹೇಳ್ಬೇಕು. ತಣ್ಣಗಾಗಿದ್ದು ತಿಳಿದ್ರೆ ಬಂದ ಹಾಗೆ" ಎಂದು ಡಾಕ್ಟರಮ್ಮ ಐಸಿನ ಚೂರು ತೆಗೆದರು.

ಜೊತೆಗೇ ಬಂದಿದ್ದ ಮೇಷ್ಟರು ಮಾದೇವಿ ಒರಗಿದ್ದ ಕುರ್ಚಿಯ ಮೇಲೆ ಬಗ್ಗಿದರು. ಅವರ ಮೈಯಿಂದ ಫಿನಾಯಿಲ್ ಘಮ್ಮೆಂದಿತು. "ನಮ್ಮವ್ವ ಅಲ್ವಾ ನೀನು? ತಣ್ಣಗಾಯ್ತು ಅಂತ ಒಂದು ಮಾತು ಹೇಳ್ಬಿಡು, ಚಾಕ್ಲೇಟು ಕೊಡಿಸ್ತೀನಿ."

ಐಸು ತಾಗಿತು. ಝುಮ್ಮೆಂದು ನೆತ್ತಿಯವರೆಗೂ ಹತ್ತಿದ ಚಳಿಗೆ ಮಾದೇವಿಯ ಕಾಲ್ಬೆರಳುಗಳೆಲ್ಲ ಮುದುರಿಕೊಂಡವು.

"ಹೇಳು ಮಗಾ, ಹೂಂ ಅನ್ನು!" ಮೇಷ್ಟರು ಕೈ ಮುಗಿದರು.

ಮಾದೇವಿ ಕಣ್ಣಂಚಿನ ನೀರು ಒರೆಸಿಕೊಂಡು ಅಂದಳು: "ಏನೂ ಗೊತ್ತಾಯ್ತಾನೇ ಇಲ್ಲ, ಸಾ."